“ಇಲ್ಲಿ ಪಂಚಾಯ್ತಿ ಇಲ್ವೇನೋ?” - ಟೌನ್ ಚುನಾವಣೆಗೆ ನಿಲ್ಲುವ ಬಗ್ಗೆ ಒಂದಿಷ್ಟು



2017ರ ಬೇಸಿಗೆಯಲ್ಲಿ ಅಪ್ಪ ಅಮ್ಮ ಹಾಸನದ ಕಡೆಯ ನಮ್ಮ ಹಳ್ಳಿಯಿಂದ ಮ್ಯಾಸಚೂಸೆಟ್ಸ್‌ನ ನಮ್ಮ ಮನೆಗೆ ಬಂದಿದ್ದರು. ನಿಮ್ಮ ಮನೆಗೂ ಬಂದಿರುತ್ತಾರಲ್ಲ, ಹಾಗೆಯೇ. ಜೂನ್ ತಿಂಗಳಲ್ಲೂ ಸ್ವೆಟರ್, ಕಾಲಿಗೆ ಹೊಸ ಬಿಳಿ ಸ್ನೀಕರ್ಸ್, ಸಂಜೆ ಐದೂವರೆಗೆ ಕಾಫಿ ಮುಗಿಸಿ ವಾಕಿಂಗ್. ನಮ್ಮ ರಸ್ತೆಗೆ ಫುಟ್‌ಪಾತ್ ಇಲ್ಲ. ಬಿಳಿ ಗೆರೆಯ ಆಚೆ ಒಂದಡಿ ಜಾಗ, ಅದರಾಚೆ ಚರಂಡಿ. ಒಂದು ಸಂಜೆ ತಿರುವಿನಲ್ಲಿ ಬಂದ ಕಾರಿನ ಕನ್ನಡಿ ಅಪ್ಪನ ಮೊಣಕೈಗೆ ತಗುಲಿತು. ಅಪ್ಪ ಚರಂಡಿಗೆ ಬಿದ್ದರು. ನಾವು ಟ್ರಾವೆಲ್ ಇನ್ಷೂರೆನ್ಸ್ ಕಾರ್ಡ್ ಹುಡುಕುತ್ತಾ ಆಸ್ಪತ್ರೆಗೆ ಓಡಿದೆವು. ದೇವರ ದಯೆ, ಮೂಳೆ ಮುರಿದಿರಲಿಲ್ಲ.

ರಾತ್ರಿ ಊಟದ ಹೊತ್ತಿಗೆ ಕೈಗೆ ಪಟ್ಟಿ ಕಟ್ಟಿಕೊಂಡೇ ಅಪ್ಪ ಕೇಳಿದರು, “ಈ ರಸ್ತೆಗೆ ಫುಟ್‌ಪಾತ್ ಯಾರು ಮಾಡಿಸಬೇಕು?” “ಗೌರ್ಮೆಂಟು” ಅಂದೆ. “ಯಾವ ಗೌರ್ಮೆಂಟು? ಇಲ್ಲಿ ಪಂಚಾಯ್ತಿ ಇಲ್ವೇನೋ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಟೌನಿನಲ್ಲಿ ಮನೆ ಕೊಂಡು 9 ವರ್ಷ, ಸಿಟಿಜನ್ ಆಗಿ 3 ವರ್ಷ ಕಳೆದಿತ್ತು. ಕರ್ನಾಟಕ ವಿಧಾನಸಭೆಯ 224 ಕ್ಷೇತ್ರಗಳಲ್ಲಿ ಯಾವ ಪಕ್ಷಕ್ಕೆ ಎಷ್ಟು ಅಂತ ಬಾಯಿಪಾಠ. ನನ್ನ ಮನೆ ಮುಂದಿನ ರಸ್ತೆಯ ಯಜಮಾನ ಯಾರು ಅಂತ ಗೊತ್ತಿರಲಿಲ್ಲ! ಅಪ್ಪನಿಗೆ ಆ ಪ್ರಶ್ನೆ ಸಹಜವಾಗಿಯೇ ಬಂದಿತ್ತು. ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ಅವರು ತಂದ ಪಂಚಾಯತ್ ಕಾಯ್ದೆಯಂತೆ 1987ರಲ್ಲಿ ಚುನಾವಣೆ ನಡೆದಾಗ ಅಪ್ಪ ಮಂಡಲ ಪಂಚಾಯ್ತಿಗೆ ನಿಂತು ಗೆದ್ದಿದ್ದರು. ಒಂದು ಬೋರ್‌ವೆಲ್‌ಗಾಗಿ ಎಷ್ಟು ಸಲ ಸಭೆಯಲ್ಲಿ ಎದ್ದು ನಿಲ್ಲಬೇಕಾಯಿತು ಅನ್ನುವುದು ನಮ್ಮ ಮನೆಯಲ್ಲಿ ಎಲ್ಲರೂ ಕೇಳಿ ಕೇಳಿ ಸಾಕಾದ ಕಥೆ.

ಟೌನ್ ಹಾಲಿನಲ್ಲಿ ಗೊತ್ತಾದದ್ದು

ಸೋಮವಾರ ಒಂದು ಗಂಟೆ ರಜೆ ಹಾಕಿ ಟೌನ್ ಹಾಲಿಗೆ ಹೋದೆ. ಟೌನ್ ಕ್ಲರ್ಕ್ ಕಚೇರಿಯಲ್ಲಿ ವಿಷಯ ಹೇಳಿದಾಗ ಅಲ್ಲಿದ್ದವರು ಒಂದು ಹಾಳೆ ತೆಗೆದು ತೋರಿಸಿದರು. ನಮ್ಮ ರಸ್ತೆಗೆ ಫುಟ್‌ಪಾತ್ ಕಟ್ಟುವ ಪ್ರಸ್ತಾಪ ಅದೇ ವರ್ಷದ ಮೇ ತಿಂಗಳ ಟೌನ್ ಮೀಟಿಂಗ್‌ಗೆ ಬಂದಿತ್ತಂತೆ. ಪರ 118, ವಿರುದ್ಧ 65. ಆದರೂ ಬಿದ್ದು ಹೋಗಿತ್ತು! ಕಾರಣ, ಅದು ಸಾಲ ಎತ್ತಿ ಕಟ್ಟುವ ಕೆಲಸ. ಟೌನ್ ಸಾಲ ಮಾಡಬೇಕಾದರೆ ಈ ರಾಜ್ಯದಲ್ಲಿ ಮೂರನೇ ಎರಡು ಭಾಗ ಮತ ಬೇಕು. 183 ಮತಗಳಲ್ಲಿ 122 ಬೇಕಿತ್ತು.

ನಮ್ಮ ಪೈಕಿ ಇಂಜಿನಿಯರುಗಳೇ ಹೆಚ್ಚಲ್ಲವೇ, ಲೆಕ್ಕ ಹಾಕಿ ನೋಡಿ. ಬಂದಿದ್ದವರಲ್ಲಿ ನಾಲ್ಕು ಜನ ಮನಸ್ಸು ಬದಲಿಸಿದ್ದರೆ ಸಾಕಿತ್ತು. ಇಲ್ಲವೇ ಬರದಿದ್ದವರಲ್ಲಿ 12 ಜನ ಬಂದು ಪರವಾಗಿ ಮತ ಹಾಕಿದ್ದರೂ ಆಗುತ್ತಿತ್ತು. ನಮ್ಮ ಪ್ರಿಸಿಂಕ್ಟ್ ಒಂದರಲ್ಲೇ 3 ಸದಸ್ಯ ಸ್ಥಾನಗಳು ಖಾಲಿ ಇದ್ದವು. ಯಾರೂ ನಿಂತಿರಲಿಲ್ಲ. ಇನ್ನು 6 ಜನ ಆ ರಾತ್ರಿ ಗೈರುಹಾಜರು.

ಇನ್ನೂ ಒಂದು ವಿಷಯ ಇದೆ, ಹೇಳಲು ನಾಚಿಕೆ. ಆ ಪ್ರಸ್ತಾಪ ತಂದವರು ನಮ್ಮ ಬೀದಿಯ ಕೊನೆಯ ಮನೆಯ ವೃದ್ಧೆ. ಸಹಿ ಕೇಳಿಕೊಂಡು ನನ್ನ ಮನೆಗೂ ಬಂದಿದ್ದರಂತೆ. ಏನೋ ಮಾರಲು ಬಂದವರು ಅಂದುಕೊಂಡು ನಾನು ಬಾಗಿಲನ್ನೇ ತೆಗೆದಿರಲಿಲ್ಲ.

ಟೌನ್ ಸರ್ಕಾರ ಅಂದರೆ ಏನು?

ಮ್ಯಾಸಚೂಸೆಟ್ಸ್‌ನಲ್ಲಿ ಒಟ್ಟು 351 ಸಿಟಿ ಮತ್ತು ಟೌನ್‌ಗಳಿವೆ, ಅವುಗಳಲ್ಲಿ ಬಹುಪಾಲು ಟೌನ್‌ಗಳೇ. ಟೌನಿಗೆ ಮೇಯರ್ ಇಲ್ಲ. ದಿನನಿತ್ಯದ ಆಡಳಿತದ ಮೇಲ್ವಿಚಾರಣೆಗೆ ಸೆಲೆಕ್ಟ್ ಬೋರ್ಡ್, ಸಾಮಾನ್ಯವಾಗಿ 3 ಅಥವಾ 5 ಜನ. ಶಾಲೆಗಳಿಗೆ ಸ್ಕೂಲ್ ಕಮಿಟಿ. ಇವುಗಳ ಜೊತೆಗೆ ಪ್ಲಾನಿಂಗ್ ಬೋರ್ಡ್, ಲೈಬ್ರರಿ ಟ್ರಸ್ಟಿಗಳು, ಬೋರ್ಡ್ ಆಫ್ ಹೆಲ್ತ್ ಹೀಗೆ ಹಲವು. ಇವುಗಳಲ್ಲಿ ಯಾವುದು ಚುನಾವಣೆಯಿಂದ, ಯಾವುದು ನೇಮಕದಿಂದ ಅನ್ನುವುದು ಊರಿಂದೂರಿಗೆ ಬೇರೆ.

ಇವೆಲ್ಲದರ ಮೇಲೆ ಟೌನ್ ಮೀಟಿಂಗ್. ಬಜೆಟ್ ಒಪ್ಪುವುದು, ಸ್ಥಳೀಯ ಕಾನೂನು ಮಾಡುವುದು, ಸಾಲಕ್ಕೆ ಅನುಮತಿ ಕೊಡುವುದು ಇದರ ಕೆಲಸ. ನಮ್ಮ ಗ್ರಾಮಸಭೆಯ ಅಣ್ಣ ಅನ್ನಿ. ವ್ಯತ್ಯಾಸ ಏನೆಂದರೆ, ಇಲ್ಲಿ ಸಭೆ ಒಪ್ಪದೆ ಟೌನಿನ ಹಣ ಖರ್ಚಾಗುವುದಿಲ್ಲ. ಇದರಲ್ಲಿ ಎರಡು ಬಗೆ. ವೆಸ್ಟ್‌ಫರ್ಡ್, ಆಕ್ಟನ್, ವೆಸ್ಟ್‌ಬರೋ ಮುಂತಾದ ಊರುಗಳಲ್ಲಿರುವುದು ಓಪನ್ ಟೌನ್ ಮೀಟಿಂಗ್. ಅಲ್ಲಿ ನೀವು ನೋಂದಾಯಿತ ಮತದಾರರಾಗಿದ್ದರೆ ಸಾಕು, ಚುನಾವಣೆಗೆ ನಿಲ್ಲದೆಯೇ ನೇರವಾಗಿ ಹೋಗಿ ಕೂತು, ಮಾತಾಡಿ, ಮತ ಹಾಕಬಹುದು. ದೊಡ್ಡ ಟೌನ್‌ಗಳಲ್ಲಿ ಪ್ರತಿನಿಧಿಗಳ ಟೌನ್ ಮೀಟಿಂಗ್. ಉದಾಹರಣೆಗೆ ಲೆಕ್ಸಿಂಗ್ಟನ್‌ನಲ್ಲಿ 9 ಪ್ರಿಸಿಂಕ್ಟ್, ತಲಾ 21 ಚುನಾಯಿತ ಸದಸ್ಯರು. ಆರ್ಲಿಂಗ್ಟನ್‌ನಲ್ಲಿ 21 ಪ್ರಿಸಿಂಕ್ಟ್, ತಲಾ 12. ನಮ್ಮ ಟೌನ್ ಕೂಡ ಈ ಎರಡನೆಯ ಬಗೆಯದು.

ಹಣದ ವಿಷಯವೂ ಸ್ವಲ್ಪ ಗೊತ್ತಿರಲಿ. 1980ರಲ್ಲಿ ಮತದಾರರು ಒಪ್ಪಿದ ‘ಪ್ರೊಪೊಸಿಷನ್ ಎರಡೂವರೆ’ ಕಾನೂನಿನ ಪ್ರಕಾರ ಟೌನ್ ಒಟ್ಟು ಆಸ್ತಿ ತೆರಿಗೆಯ ಮಿತಿಯನ್ನು ವರ್ಷಕ್ಕೆ ಶೇಕಡಾ 2.5ರಷ್ಟು ಮಾತ್ರ ಏರಿಸಬಹುದು, ಹೊಸ ಕಟ್ಟಡಗಳಿಂದ ಬರುವುದು ಬೇರೆ. ಅದಕ್ಕಿಂತ ಹೆಚ್ಚು ಬೇಕಾದರೆ ಊರವರೇ ಮತಪೆಟ್ಟಿಗೆಯಲ್ಲಿ ಒಪ್ಪಬೇಕು. ಹಾಗಾಗಿ ಶಾಲೆಗೆ ಇನ್ನೊಬ್ಬ ಟೀಚರೋ, ಲೈಬ್ರರಿಗೆ ಭಾನುವಾರದ ಸಮಯವೋ, ರಸ್ತೆಗೆ ಫುಟ್‌ಪಾತೋ ಅನ್ನುವ ಜಗ್ಗಾಟ ಪ್ರತಿ ವರ್ಷ ಇದ್ದದ್ದೇ. ಜಗ್ಗುವ ಜಾಗದಲ್ಲಿ ಇಲ್ಲದವರ ಪಾಲು ಕಡಿಮೆ ಆಗುವುದೂ ಇದ್ದದ್ದೇ.

ಯಾರು ನಿಲ್ಲಬಹುದು?

ಅಮೆರಿಕದ ಪ್ರಜೆಯಾಗಿ, 18 ತುಂಬಿ, ಅದೇ ಟೌನಿನಲ್ಲಿ ಮತದಾರರಾಗಿ ನೋಂದಾಯಿಸಿರಬೇಕು. ಡಿಗ್ರಿ ಕೇಳುವುದಿಲ್ಲ, ಎಲ್ಲಿ ಹುಟ್ಟಿದಿರಿ ಅಂತ ಕೇಳುವುದಿಲ್ಲ, ನಿಮ್ಮ ಇಂಗ್ಲಿಷ್ ಉಚ್ಚಾರಣೆಗೆ ಪರೀಕ್ಷೆ ಇಲ್ಲ. ಹೆಚ್ಚಿನ ಟೌನ್‌ಗಳಲ್ಲಿ ಮತಪತ್ರದ ಮೇಲೆ ಪಕ್ಷದ ಹೆಸರೂ ಇರುವುದಿಲ್ಲ. ನಮ್ಮ ಗ್ರಾಮ ಪಂಚಾಯ್ತಿ ಚುನಾವಣೆಯಲ್ಲೂ ಪಕ್ಷದ ಚಿಹ್ನೆ ಇಲ್ಲವಲ್ಲ, ಹಾಗೆ.

ಗ್ರೀನ್ ಕಾರ್ಡ್ ಅಥವಾ ಎಚ್-1ಬಿ ವೀಸಾದಲ್ಲಿರುವ ಸ್ನೇಹಿತರಿಗೆ ಒಂದು ಎಚ್ಚರಿಕೆ. ನೀವು ಮತದಾರರಾಗಿ ನೋಂದಾಯಿಸಿಕೊಳ್ಳುವಂತಿಲ್ಲ, ಮತ ಹಾಕುವಂತಿಲ್ಲ. ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ ಯಾರೋ ಫಾರಂ ಕೊಟ್ಟರು ಅಂತ ಸಹಿ ಹಾಕಿಬಿಟ್ಟರೆ ಮುಂದೆ ಸಿಟಿಜನ್‌ಶಿಪ್ಪಿಗೇ ಕುತ್ತು ಬರಬಹುದು. ಆದರೆ ಬೋರ್ಡ್‌ಗಳ ಸಭೆಗೆ ಹೋಗಿ ಕೂರಬಹುದು, ಸಂಬಳವಿಲ್ಲದೆ ಅಭ್ಯರ್ಥಿಯ ಪರ ಕೆಲಸ ಮಾಡಬಹುದು. ಗ್ರೀನ್ ಕಾರ್ಡ್ ಇರುವವರು ದೇಣಿಗೆಯನ್ನೂ ಕೊಡಬಹುದು, ಎಚ್-1ಬಿಯವರು ಕೊಡುವಂತಿಲ್ಲ.

ಸಿಟಿಜನ್ ಆದವರಿಗೆ ಒಂದು ಮಾತು. ಪ್ರಮಾಣ ವಚನ ತೆಗೆದುಕೊಂಡ ದಿನ ಭಾರತದ ಮತದ ಹಕ್ಕು ಹೋಯಿತು, ಓಸಿಐ ಕಾರ್ಡಿನಿಂದ ಅದು ವಾಪಸ್ ಬರುವುದಿಲ್ಲ. ಇಲ್ಲಿಯದನ್ನೂ ಬಳಸದಿದ್ದರೆ ಎರಡು ದೇಶದಲ್ಲೂ ನಾವು ಅತಿಥಿಗಳೇ.

ಹತ್ತು ಸಹಿ

2018ರ ಜನವರಿಯಲ್ಲಿ ಕ್ಲರ್ಕ್ ಕಚೇರಿಗೆ ಮತ್ತೆ ಹೋಗಿ ನಾಮಪತ್ರ ತಂದೆ. ಟೌನ್ ಮೀಟಿಂಗ್ ಸದಸ್ಯ ಸ್ಥಾನಕ್ಕೆ ನಿಮ್ಮ ಪ್ರಿಸಿಂಕ್ಟಿನ 10 ಮತದಾರರ ಸಹಿ ಬೇಕು. ಸೆಲೆಕ್ಟ್ ಬೋರ್ಡ್, ಸ್ಕೂಲ್ ಕಮಿಟಿಯಂಥ ಇಡೀ ಟೌನಿನ ಸ್ಥಾನಕ್ಕೆ ಹೆಚ್ಚೆಂದರೆ 50. ಠೇವಣಿ ಇಲ್ಲ. ಸಹಿ ತುಂಬಿದ ಕಾಗದವನ್ನು ಸಾಮಾನ್ಯವಾಗಿ ಚುನಾವಣೆಗೆ 49 ದಿನ ಮುಂಚೆ ಸಂಜೆ 5 ಗಂಟೆಯೊಳಗೆ ಪರಿಶೀಲನೆಗೆ ಕೊಡಬೇಕು. ಟೌನ್ ಚುನಾವಣೆಗಳು ಹೆಚ್ಚಾಗಿ ವಸಂತ ಕಾಲದಲ್ಲಿ, ಮಾರ್ಚಿನಿಂದ ಮೇ ತಿಂಗಳ ನಡುವೆ. ಅಂದರೆ ಹಿಮ ಕರಗುವ ಮೊದಲೇ ಬಾಗಿಲು ತಟ್ಟಲು ಹೊರಡಬೇಕು!

ಮೂರು ಕಿವಿಮಾತು:

1. ಬೇಕಾದ್ದಕ್ಕಿಂತ ಅರ್ಧದಷ್ಟಾದರೂ ಹೆಚ್ಚು ಸಹಿ ಮಾಡಿಸಿ. ಹತ್ತಕ್ಕೆ ಹದಿನೈದು. ಒಬ್ಬರು ಪಕ್ಕದ ಪ್ರಿಸಿಂಕ್ಟಿನವರಾಗಿರುತ್ತಾರೆ, ಇನ್ನೊಬ್ಬರು ಮನೆ ಬದಲಿಸಿ ವಿಳಾಸ ಬದಲಿಸಿರುವುದಿಲ್ಲ.

2. ಪ್ರತಿಯೊಬ್ಬರೂ ತಾವೇ ಸಹಿ ಹಾಕಬೇಕು, ಮತದಾರರ ಪಟ್ಟಿಯಲ್ಲಿ ಇರುವ ಹಾಗೆ. “ನಮ್ಮೆಜಮಾನ್ರದ್ದೂ ನಾನೇ ಹಾಕ್ತೀನಿ” ಅನ್ನುವಂತಿಲ್ಲ. ನನಗೆ ಸಹಿ ಕೊಟ್ಟ ಒಬ್ಬರು ಪಟ್ಟಿಯಲ್ಲಿ ಪೂರ್ತಿ ಹೆಸರಿದ್ದರೂ ಸಹಿ ಮಾತ್ರ ‘ರವಿ’ ಅಂತ ಹಾಕಿದ್ದರು. ಅದು ತಿರಸ್ಕೃತವಾಯಿತು.

3. ನಾಮಪತ್ರದಲ್ಲಿ ‘ನಾನು ಒಪ್ಪಿದ್ದೇನೆ’ ಅನ್ನುವ ಜಾಗದಲ್ಲಿ ನಿಮ್ಮದೇ ಸಹಿ ಹಾಕಲು ಮರೆಯಬೇಡಿ. ನಗಬೇಡಿ, ಇದನ್ನು ಮರೆಯುವವರೂ ಇದ್ದಾರೆ.

ನನ್ನ ಮೊದಲ ಸಹಿ ಯಾರದ್ದು ಗೊತ್ತೇ? ಬೀದಿ ಕೊನೆಯ ಮನೆಯ ಅದೇ ವೃದ್ಧೆಯದು. ಹಿಂದಿನ ವರ್ಷ ಬಾಗಿಲು ತೆಗೆಯದಿದ್ದವನು ನಾನೇ ಅಂತ ಹೇಳಿ ಕ್ಷಮೆ ಕೇಳಿದೆ. ಅವರು ನಕ್ಕು, ಪೆನ್ನು ತೆಗೆದುಕೊಂಡು, “ಒಳಗೆ ಬಾ, ಹೊರಗೆ ಚಳಿ” ಅಂದರು.

ಬಾಗಿಲು ತಟ್ಟುವ ವಿದ್ಯೆ

ನಮ್ಮಲ್ಲಿ ಹೆಚ್ಚಿನವರಿಗೆ ಇದೇ ಕಷ್ಟ. ಕೇಳುವುದಕ್ಕೆ ಸಂಕೋಚ. ನಾನು ಮೊದಲ ದಿನ ಮೂರು ಮನೆ ಮುಂದೆ ಹೋಗಿ ಬೆಲ್ ಒತ್ತದೆ ವಾಪಸ್ ಬಂದೆ. ಕಡೆಗೆ ಹೆಂಡತಿಯೇ ಜೊತೆಗೆ ಬಂದಳು.

ಕಲಿತದ್ದು ಇಷ್ಟು. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಒಳ್ಳೆಯ ಸಮಯ. ಬಾಗಿಲಿನಿಂದ ಎರಡು ಹೆಜ್ಜೆ ಹಿಂದೆ ನಿಲ್ಲಿ. ಹೆಸರು, ಯಾವ ಬೀದಿ, ಯಾವ ಸ್ಥಾನ, ಇಷ್ಟು ಹೇಳಿ ನಿಲ್ಲಿಸಿ. ಆಮೇಲೆ “ನಿಮಗೆ ಈ ಊರಿನಲ್ಲಿ ಏನು ಸರಿಯಾಗಬೇಕು?” ಅಂತ ಕೇಳಿ, ಸುಮ್ಮನೆ ಕೇಳಿಸಿಕೊಳ್ಳಿ. ನಾನು ಫುಟ್‌ಪಾತ್ ಬಗ್ಗೆ ಭಾಷಣ ಸಿದ್ಧ ಮಾಡಿಕೊಂಡು ಹೋಗಿದ್ದೆ. ಒಬ್ಬರಿಗೆ ನೀರಿನ ಬಿಲ್ಲಿನ ಚಿಂತೆ, ಇನ್ನೊಬ್ಬರಿಗೆ ಹಿರಿಯರ ಆಸ್ತಿ ತೆರಿಗೆಯದ್ದು. “ಫುಟ್‌ಪಾತ್ ಆದರೆ ಅದರ ಹಿಮ ತೆಗೆಯುವವರು ಯಾರು?” ಅಂತ ಒಬ್ಬ ತಾತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಮೇ ತಿಂಗಳಲ್ಲಿ ವಿರುದ್ಧ ಮತ ಬಿದ್ದದ್ದು ಯಾಕೆ ಅನ್ನುವುದು ಅವತ್ತು ಅರ್ಥವಾಯಿತು. ಉತ್ತರ ತಿಳಿದುಕೊಂಡು ಮುಂದಿನ ವಾರ ಅವರ ಮನೆಗೇ ವಾಪಸ್ ಹೋಗಿ ಹೇಳಿದೆ.

ನಮ್ಮ ಉದ್ದುದ್ದ ಹೆಸರುಗಳ ಬಗ್ಗೆ ನಾಚಿಕೆ ಬೇಡ. ಚೀಟಿಯಲ್ಲಿ ಹೆಸರಿನ ಕೆಳಗೆ ಅದನ್ನು ಹೇಗೆ ಹೇಳಬೇಕು ಅಂತ ಬಿಡಿಸಿ ಬರೆಯಿರಿ. ಅದನ್ನು ಓದಿ ಸರಿಯಾಗಿ ಕರೆದವರು ನಿಮ್ಮನ್ನು ಮರೆಯುವುದಿಲ್ಲ.

ಬೇಸರದ ಸಂಗತಿ ಎಂದರೆ ಬಾಗಿಲು ತೆಗೆಯದ ಮನೆಗಳಲ್ಲಿ ನಮ್ಮವರದ್ದೂ ಇದ್ದವು. ಒಳಗಿನಿಂದ ಕುಕ್ಕರ್ ವಿಷಲ್, ಒಗ್ಗರಣೆ ಘಮ, ಪೀಪ್‌ಹೋಲಿನಲ್ಲಿ ಒಂದು ಕಣ್ಣು. ಬಾಗಿಲು ಮಾತ್ರ ತೆಗೆಯಲಿಲ್ಲ. ಬೈಯುವ ಹಕ್ಕು ನನಗಿರಲಿಲ್ಲ ಬಿಡಿ. ಮಾಡಿದ್ದುಣ್ಣೋ ಮಹರಾಯ!

ದುಡ್ಡು ಮತ್ತು ನಿಯಮ

ಟೌನ್ ಮೀಟಿಂಗ್ ಸ್ಥಾನಕ್ಕೆ ನನಗೆ ಖರ್ಚಾದದ್ದು ಚೀಟಿ ಮುದ್ರಿಸಿದ ಹಣ ಮಾತ್ರ. ಆದರೆ ಸೆಲೆಕ್ಟ್ ಬೋರ್ಡ್, ಸ್ಕೂಲ್ ಕಮಿಟಿಗೆ ನಿಲ್ಲುವವರು ದೇಣಿಗೆಯ ನಿಯಮಗಳನ್ನು ಮೊದಲೇ ಓದಿಕೊಳ್ಳಬೇಕು. ಮ್ಯಾಸಚೂಸೆಟ್ಸ್‌ನಲ್ಲಿ ಒಬ್ಬ ವ್ಯಕ್ತಿ ಒಬ್ಬ ಅಭ್ಯರ್ಥಿಗೆ ವರ್ಷಕ್ಕೆ 1000 ಡಾಲರ್‌ಗಿಂತ ಹೆಚ್ಚು ಕೊಡುವಂತಿಲ್ಲ. ನಗದಾದರೆ 50 ಡಾಲರ್ ಮಿತಿ. ಕಂಪನಿಯ ಖಾತೆಯಿಂದ ದೇಣಿಗೆ ಬರುವಂತಿಲ್ಲ. ಹೋಟೆಲ್ ಇಟ್ಟಿರುವ ಗೆಳೆಯ ಪ್ರೀತಿಯಿಂದ ಹೋಟೆಲಿನ ಚೆಕ್ ಕೊಟ್ಟರೆ ಕೈಮುಗಿದು ವಾಪಸ್ ಕೊಡಿ. ಸರ್ಕಾರಿ ಕಟ್ಟಡದೊಳಗೆ ಹಣ ಕೇಳುವುದೂ, ಪಡೆಯುವುದೂ ತಪ್ಪು. ಸ್ವತಃ ಸರ್ಕಾರಿ ನೌಕರರಾಗಿದ್ದರೆ ನಿಲ್ಲುವ ಮುನ್ನ ನಿಮಗೆ ಅನ್ವಯಿಸುವ ನಿರ್ಬಂಧಗಳನ್ನು ಕೇಳಿ ತಿಳಿದುಕೊಳ್ಳಿ.

ನಮ್ಮ ಕೂಟದ ವಿಷಯವನ್ನೂ ಹೇಳಿಬಿಡುತ್ತೇನೆ. ತೆರಿಗೆ ವಿನಾಯಿತಿ ಪಡೆದ ನಮ್ಮಂಥ ಸಂಘಗಳು ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವಂತಿಲ್ಲ, ವಿರೋಧಿಸುವಂತಿಲ್ಲ. ಯುಗಾದಿ ವೇದಿಕೆಯಿಂದ “ನಮ್ಮ ಹುಡುಗನಿಗೆ ಮತ ಹಾಕಿ” ಅಂತ ಮೈಕಿನಲ್ಲಿ ಹೇಳಿದರೆ ಕೂಟದ ವಿನಾಯಿತಿಗೇ ಸಂಚಕಾರ. ನಾನು ನಿಂತಾಗ ಸಮಿತಿಯವರು ಒಂದು ಮಾತೂ ಆಡಲಿಲ್ಲ, ಅದೇ ಸರಿ. ಆದರೆ ಪಕ್ಷಪಾತವಿಲ್ಲದೆ ಮತದಾರರ ನೋಂದಣಿ ಮೇಜು ಹಾಕಬಹುದು, ಎಲ್ಲ ಅಭ್ಯರ್ಥಿಗಳನ್ನೂ ಸಮನಾಗಿ ಕರೆದು ಪ್ರಶ್ನೋತ್ತರ ನಡೆಸಬಹುದು. ಪುಳಿಯೋಗರೆ ಕೌಂಟರಿನ ಪಕ್ಕ ಒಂದು ಮೇಜಿಗೆ ಜಾಗ ಇರುವುದಿಲ್ಲವೇ?

ಚುನಾವಣೆಯ ದಿನ

ಮತಗಟ್ಟೆಯಿಂದ 150 ಅಡಿ ಒಳಗೆ ಪ್ರಚಾರ ಮಾಡುವಂತಿಲ್ಲ. ಹಾಗಾಗಿ ಬೆಳಿಗ್ಗೆ ಏಳರಿಂದ ಆ ಗೆರೆಯ ಆಚೆ ಬೋರ್ಡ್ ಹಿಡಿದು ನಿಂತೆವು. ಎದುರಾಳಿಗಳೂ ಪಕ್ಕದಲ್ಲೇ! ಒಬ್ಬರು ಡೋನಟ್ ತಂದಿದ್ದರು, ನಾವು ಫ್ಲಾಸ್ಕಿನಲ್ಲಿ ಫಿಲ್ಟರ್ ಕಾಫಿ. ಮಧ್ಯಾಹ್ನದ ಹೊತ್ತಿಗೆ ಎಲ್ಲರೂ ಒಂದೇ ಮನೆಯವರ ಹಾಗೆ ಆಗಿದ್ದೆವು.

ರಾತ್ರಿ ಫಲಿತಾಂಶ ಬಂತು. ನಮ್ಮ ಪ್ರಿಸಿಂಕ್ಟಿನ 7 ಸ್ಥಾನಕ್ಕೆ 9 ಜನ ನಿಂತಿದ್ದೆವು. ನಾನು 6ನೆಯವನಾಗಿ ಗೆದ್ದೆ, 141 ಮತ. ನಮ್ಮ ಮಗಳ ಭರತನಾಟ್ಯ ರಂಗಪ್ರವೇಶಕ್ಕೆ ಇದಕ್ಕಿಂತ ಹೆಚ್ಚು ಜನ ಬಂದಿದ್ದರು. ಟೌನ್ ಚುನಾವಣೆಗಳಲ್ಲಿ ಮತ ಹಾಕುವವರು ಅಷ್ಟು ಕಡಿಮೆ. ಅನೇಕ ಕಡೆ ಐವರಲ್ಲಿ ಒಬ್ಬರೂ ಬರುವುದಿಲ್ಲ. ಆದ್ದರಿಂದಲೇ ಇಲ್ಲಿ ಒಂದೊಂದು ಮತಕ್ಕೂ ಅಷ್ಟು ತೂಕ.

ಗೆದ್ದ ಮೇಲೆ

ಸಂಬಳ ಇಲ್ಲ, ಹಾರ ಇಲ್ಲ, ಕಾರಿಗೆ ಕೆಂಪು ದೀಪ ಇಲ್ಲ. ವಸಂತದಲ್ಲಿ ಹಲವು ರಾತ್ರಿ ಏಳೂವರೆಯಿಂದ ಹನ್ನೊಂದರವರೆಗೆ ಹೈಸ್ಕೂಲ್ ಸಭಾಂಗಣದಲ್ಲಿ ಕೂರಬೇಕು. ಸಭೆಯ ಕಾರ್ಯಸೂಚಿಗೆ ‘ವಾರೆಂಟ್’ ಅನ್ನುತ್ತಾರೆ, ಹೆಸರು ಕೇಳಿ ಹೆದರಬೇಡಿ. ಮಾಡರೇಟರ್ ಅಂಕೆಯಲ್ಲಿ ಎಲ್ಲ ನಡೆಯುತ್ತದೆ. ಮೊದಲ ವರ್ಷ ನಾನು ಬಾಯಿ ಬಿಡಲಿಲ್ಲ, ನೋಡಿ ಕಲಿತೆ.

ಎರಡನೇ ವರ್ಷ ಫುಟ್‌ಪಾತ್ ಪ್ರಸ್ತಾಪ ಮತ್ತೆ ಬಂತು. ಇದಕ್ಕೂ ಅದೇ ಹತ್ತರ ಲೆಕ್ಕ. ವಾರ್ಷಿಕ ಟೌನ್ ಮೀಟಿಂಗ್‌ಗೆ 10 ಮತದಾರರು ಸಹಿ ಹಾಕಿ ಕೊಟ್ಟರೆ ಆ ವಿಷಯವನ್ನು ವಾರೆಂಟಿನಲ್ಲಿ ಸೇರಿಸಲೇಬೇಕು. ಸಹಿ ಮಾಡಿಸಿದವರು ಮತ್ತೆ ಆ ವೃದ್ಧೆಯೇ. ಈ ಸಲ ನಾನು ಅವರ ಜೊತೆ ಮನೆ ಮನೆಗೆ ಹೋದೆ. ಹಿಮ ತೆಗೆಯುವ ಪ್ರಶ್ನೆಗೆ ಉತ್ತರವನ್ನು ಪ್ರಸ್ತಾಪದ ಜೊತೆಯಲ್ಲೇ ಬರೆದು ಹಂಚಿದೆವು. 2019ರ ಮೇ ತಿಂಗಳ ಸಭೆಯಲ್ಲಿ ಮೂರು ನಿಮಿಷ ಮಾತಾಡಿದೆ, ಕಾಲು ನಡುಗುತ್ತಿತ್ತು. ಅಪ್ಪ ಚರಂಡಿಗೆ ಬಿದ್ದದ್ದನ್ನು ಹೇಳಿದೆ, ಲೆಕ್ಕವನ್ನೂ ಹೇಳಿದೆ. ಪರ 139, ವಿರುದ್ಧ 52. ಮೂರನೇ ಎರಡು ಭಾಗ ದಾಟಿತ್ತು. ಹೊರಗೆ ಬಂದಾಗ ಹಿಮದ ಪ್ರಶ್ನೆ ಕೇಳಿದ್ದ ತಾತ ಬಾಗಿಲ ಬಳಿ ಸಿಕ್ಕಿ ಬೆನ್ನು ತಟ್ಟಿದರು. ಅವರೂ ಸದಸ್ಯರು ಅನ್ನುವುದು ನನಗೆ ತಡವಾಗಿ ತಿಳಿದಿತ್ತು.

ನಿಲ್ಲಲು ಮನಸ್ಸಿಲ್ಲದವರಿಗೆ

ಎಲ್ಲರೂ ಚುನಾವಣೆಗೆ ನಿಲ್ಲಬೇಕಿಲ್ಲ. ಬೋರ್ಡ್‌ಗಳ ಸಭೆಯ ನೋಟಿಸನ್ನು, ವಾರಾಂತ್ಯ ಮತ್ತು ರಜೆ ಬಿಟ್ಟು, 48 ಗಂಟೆ ಮುಂಚೆ ಹಾಕಬೇಕು ಅಂತ ಕಾನೂನೇ ಇದೆ. ವರ್ಷಕ್ಕೆ ಎರಡು ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ನೋಡಿ. ಫೈನಾನ್ಸ್ ಕಮಿಟಿಯಂಥ ಸಮಿತಿಗಳಿಗೆ ಅನೇಕ ಟೌನ್‌ಗಳಲ್ಲಿ ನೇಮಕ ಮಾಡುತ್ತಾರೆ. ಸ್ಪ್ರೆಡ್‌ಶೀಟ್ ಬಲ್ಲವರಿಗೆ ಅಲ್ಲಿ ಸದಾ ಸ್ವಾಗತ. ಓಪನ್ ಟೌನ್ ಮೀಟಿಂಗ್ ಇರುವ ಊರಿನವರಿಗಂತೂ ನೆಪವೇ ಇಲ್ಲ. ನ್ಯೂಜೆರ್ಸಿ, ಟೆಕ್ಸಾಸ್ ಕಡೆಯ ಓದುಗರೇ, ನಿಮ್ಮಲ್ಲಿ ನಿಯಮ ಬೇರೆ. ನಿಮ್ಮ ಊರಿನ ಕ್ಲರ್ಕ್ ಕಚೇರಿಗೆ ಒಂದು ಫೋನ್ ಮಾಡಿ ಕೇಳಿ.

ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಮೂಲದ ಚಂದ್ರ ಆರ್ಯ ಅವರು 2022ರ ಮೇ ತಿಂಗಳಲ್ಲಿ ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದಾಗ ನಾವೆಲ್ಲ ಆ ವಿಡಿಯೋ ಫಾರ್ವರ್ಡ್ ಮಾಡಿದ್ದೇ ಮಾಡಿದ್ದು. ಹೆಮ್ಮೆಯ ವಿಷಯವೇ. ಅದರಲ್ಲಿ ಹತ್ತನೇ ಒಂದು ಭಾಗದಷ್ಟು ಉತ್ಸಾಹ ನಮ್ಮ ನಮ್ಮ ಟೌನ್ ಹಾಲಿನ ಕಡೆ ತಿರುಗಿದರೆ ಸಾಕು.

ಫುಟ್‌ಪಾತ್ ಮುಗಿದದ್ದು 2020ರ ಅಕ್ಟೋಬರ್‌ನಲ್ಲಿ. ಕೋವಿಡ್ ಕಾಲ, ಅಪ್ಪ ಬರುವ ಹಾಗಿರಲಿಲ್ಲ. ಆಮೇಲೆ ಮಂಡಿ ನೋವು, ಅಷ್ಟು ದೂರದ ವಿಮಾನ ಪ್ರಯಾಣ ಬೇಡ ಅಂದರು ಡಾಕ್ಟರು. ವಿಡಿಯೋ ಕಾಲ್‌ನಲ್ಲಿ ಫುಟ್‌ಪಾತಿನ ಉದ್ದಕ್ಕೂ ನಡೆದು ತೋರಿಸಿದೆ. ಪೂರ್ತಿ ನೋಡಿ ಅಪ್ಪ ಕೇಳಿದ್ದು ಇಷ್ಟೇ: “ತಿರುವಿನಲ್ಲಿ ಒಂದು ದೀಪ ಇಲ್ವಲ್ಲೋ?”

ಹೌದು, ಇಲ್ಲ. ಮುಂದಿನ ಸಭೆಯಲ್ಲಿ ಕೇಳಿದೆವು, ಇನ್ನೂ ಕೇಳುತ್ತಲೇ ಇದ್ದೇವೆ. ಈಗ ಬೇಸಿಗೆಯ ಸಂಜೆ ಆ ಹಾದಿಯಲ್ಲಿ ಸ್ವೆಟರ್ ಹಾಕಿದ ಯಾರದೋ ಅಪ್ಪ ಅಮ್ಮ ನಡೆಯುತ್ತಿರುತ್ತಾರೆ. ನಿಮ್ಮ ಬೀದಿಯಲ್ಲೂ ನಡೆಯುತ್ತಿರಬಹುದು. ಮುಂದಿನ ಜನವರಿಯಲ್ಲಿ ಕ್ಲರ್ಕ್ ಕಚೇರಿಗೆ ಹೋಗಿ ಒಂದು ನಾಮಪತ್ರ ಕೇಳಿ. ನಿಮ್ಮ ಮನೆ ನನ್ನ ಪ್ರಿಸಿಂಕ್ಟಿನಲ್ಲಿದ್ದರೆ ಹತ್ತರಲ್ಲಿ ಒಂದು ಸಹಿ ನನ್ನದು. ಮತ್ತೆ, ಯಾರಾದರೂ ಕಾಗದ ಪೆನ್ನು ಹಿಡಿದು ಬೆಲ್ ಒತ್ತಿದರೆ ದಯವಿಟ್ಟು ಬಾಗಿಲು ತೆಗೆಯಿರಿ.